ಪೊರೆಯ ಜೊತೆಗೇ ಗ್ಲಾಕೋಮಾ ಆಪರೇಷನ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

"ಪಕ್ಕದ ಮನೆ ಯಜಮಾನ್ರಿಗೆ ಪಟ್ಟಿ ಬಿಚ್ಚಿದ ದಿನಾನೇ ಎಲ್ಲಾ ನಿಚ್ಚಳ ಕಂಡಿತಂತೆ. ನನಗ್ಯಾಕ್ರಿ ಇನ್ನೂ ಮಬ್ಬು?"

ಪೊರೆ ಮತ್ತು ಗ್ಲಾಕೋಮಾ ಎರಡಕ್ಕೂ ಒಂದೇ ಸಲ ಆಪರೇಷನ್ ಮಾಡಿಸಿಕೊಂಡವರು ನಮ್ಮ ಅಂಗಡಿಗೆ ಬಂದರೆ ಕುರ್ಚಿ ಮೇಲೆ ಕೂರುವ ಮೊದಲೇ ಕೇಳುವ ಮಾತು ಇದು. ನಾನು ಡಾಕ್ಟರ್ ಅಲ್ಲ. ಆಪ್ಟೋಮೆಟ್ರಿ ಓದಿಕೊಂಡು, ದಾವಣಗೆರೆಯಲ್ಲಿ ಕಣ್ಣಿನ ನಂಬರ್ ನೋಡಿ ಕನ್ನಡಕ ಕೊಡುವ ಕೆಲಸ ನನ್ನದು. ಆದರೆ ಡಾಕ್ಟರ ಮುಂದೆ ಬಾಯಿಬಿಡಲು ಹಿಂಜರಿಯುವ ಜನ ನಮ್ಮಂಥವರ ಮುಂದೆ ಎಲ್ಲವನ್ನೂ ಕೇಳುತ್ತಾರೆ. ಬೈಯುತ್ತಾರೆ ಕೂಡ. ದುಡ್ಡು ಹೋಯಿತು, ಕಣ್ಣು ಬರಲಿಲ್ಲ, ಆಪರೇಷನ್ ಫೇಲ್ ಆಯಿತು ಅಂತ.

ಫೈಲ್ ತೆಗೆದು ನೋಡಿದರೆ ಎಷ್ಟೋ ಸಲ ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ತಪ್ಪಿರುವುದು ಅದನ್ನು ಅಳೆಯುವ ರೀತಿ.

ನಮ್ಮ ಕಡೆ ಹಿರಿಯರ ತಲೆಯಲ್ಲಿ ಕಣ್ಣಿನ ಆಪರೇಷನ್ ಅಂದರೆ ಡಾ. ಎಂ.ಸಿ. ಮೋದಿಯವರ ಕಾಲದ ಕ್ಯಾಂಪು. ಊರೂರು ತಿರುಗಿ, ಒಂದೇ ಕ್ಯಾಂಪಿನಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲ ಅದು. ಆಗ ಕಣ್ಣೊಳಗೆ ಲೆನ್ಸ್ ಇಡುವುದು ಇರಲಿಲ್ಲ, ಪಟ್ಟಿ ಬಿಚ್ಚಿ ಸೋಡಾಬುಡ್ಡಿ ಕನ್ನಡಕ ಹಾಕಿದರೆ ಎದುರಿಗಿದ್ದ ಮೊಮ್ಮಗನ ಮುಖ ಕಾಣುತ್ತಿತ್ತು, ಅಷ್ಟಾದರೆ ಆಪರೇಷನ್ ಗೆದ್ದ ಹಾಗೆ. ಈಗ ಲೆನ್ಸ್ ಬಂದಿದೆ, ಸಣ್ಣ ತೂತಿನಿಂದಲೇ ಪೊರೆ ಒಡೆದು ತೆಗೆಯುವ, ಸಾಮಾನ್ಯವಾಗಿ ಹೊಲಿಗೆಯೇ ಬೇಡದ ಫೇಕೋ ಬಂದಿದೆ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ಆದರೆ ಅಳತೆಗೋಲು ಮಾತ್ರ ಅದೇ: ಪಟ್ಟಿ ಬಿಚ್ಚಿದಾಗ ಕಂಡಿತಾ ಇಲ್ಲವಾ? ಬರೀ ಪೊರೆಗಾದರೆ ಇದು ಸರಿಯಾದ ಅಳತೆಯೇ. ಗ್ಲಾಕೋಮಾ ಜೊತೆಗಿದ್ದರೆ ಅಲ್ಲ.

ಯಾಕೆ ಅಂತ ಹೇಳಬೇಕಾದರೆ ಕಣ್ಣಿನ ಒಳಗೆ ಸ್ವಲ್ಪ ಇಣುಕಬೇಕು. ಕಣ್ಣಿನ ಮುಂಭಾಗದಲ್ಲಿ ಒಂದು ತೆಳು ನೀರು ಸದಾ ಹುಟ್ಟುತ್ತಿರುತ್ತದೆ, ಕರಿಗುಡ್ಡೆಯ ಅಂಚಿನಲ್ಲಿರುವ ಸಣ್ಣ ಸಣ್ಣ ಕಂಡಿಗಳ ಮೂಲಕ ಹೊರಗೆ ಹೋಗುತ್ತಿರುತ್ತದೆ. (ಅಳುವಾಗ ಬರುವ ಕಣ್ಣೀರು ಇದಲ್ಲ, ಅದು ಬೇರೆ.) ಈ ನೀರು ಹೊರಹೋಗುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಕಣ್ಣಿನ ಹಿಂದಿನ, ನೋಟವನ್ನು ಮಿದುಳಿಗೆ ಒಯ್ಯುವ ನರ ನಿಧಾನವಾಗಿ ಸಾಯುತ್ತದೆ. ಇದೇ ಗ್ಲಾಕೋಮಾ. ಸತ್ತ ನರ ಮತ್ತೆ ಹುಟ್ಟುವುದಿಲ್ಲ. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. (ಬಿ.ಪಿ.ಯಂತೆ ಪಾದರಸದ ಅಳತೆ) ಇರಬೇಕು ಅನ್ನುತ್ತಾರೆ, ಆದರೆ 21ರ ಒಳಗೇ ಇದ್ದೂ ನರ ಕಳೆದುಕೊಂಡವರು ಇದ್ದಾರೆ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ಬದಿಯ ನೋಟ ಮೊದಲು ಹೋಗುವುದರಿಂದ ಎದುರಿನದು ಚೆನ್ನಾಗೇ ಕಾಣುತ್ತಿರುತ್ತದೆ. ಭಾರತದಲ್ಲಿ 40 ದಾಟಿದ ಸುಮಾರು 1.1 ಕೋಟಿ ಜನಕ್ಕೆ ಗ್ಲಾಕೋಮಾ ಇದೆ ಅನ್ನುವುದು 2010ರ ಸುಮಾರಿನ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಇದೆ ಅನ್ನುವುದೇ ಗೊತ್ತಿಲ್ಲ.

ಪೊರೆ ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿನ ಲೆನ್ಸ್ ಬೆಳ್ಳಗಾಗಿರುತ್ತದೆ, ತೆಗೆದು ಹೊಸದು ಹಾಕಿದರೆ ಆಯಿತು. ಹೋದದ್ದು ವಾಪಸ್ ಬರುತ್ತದೆ.

ಹಾಗಾಗಿ ಒಂದೇ ಟೇಬಲ್ ಮೇಲೆ ನಡೆದರೂ ಈ ಎರಡು ಆಪರೇಷನ್‌ಗಳ ಉದ್ದೇಶ ಬೇರೆ ಬೇರೆ. ಒಂದು ಕೊಡುತ್ತದೆ. ಇನ್ನೊಂದು ಏನನ್ನೂ ಕೊಡುವುದಿಲ್ಲ, ಉಳಿದದ್ದನ್ನು ಕಾಯುತ್ತದೆ, ಅಷ್ಟೇ. ಮಂದವಾಗಿ ಕಾಣುವುದರಲ್ಲಿ ಪೊರೆಯ ಪಾಲೆಷ್ಟು, ನರದ ಪಾಲೆಷ್ಟು ಅನ್ನುವುದರ ಮೇಲೆ ನಾಳೆ ಎಷ್ಟು ಕಂಡೀತು ಅನ್ನುವುದು ನಿಂತಿದೆ. ಪೊರೆಯೇ ಜಾಸ್ತಿ ಇದ್ದವರು ಖುಷಿಯಾಗಿ ಬರುತ್ತಾರೆ. ನರವೇ ಹೋಗಿದ್ದವರು ನನ್ನ ಹತ್ತಿರ ಬಂದು ಜಗಳ ಆಡುತ್ತಾರೆ. ಇದನ್ನು ಆಪರೇಷನ್‌ಗೆ ಮೊದಲೇ ಕೂರಿಸಿಕೊಂಡು ಹೇಳುವ ಡಾಕ್ಟರುಗಳು ಇದ್ದಾರೆ, ಆದರೆ ಹೊರಗೆ ನೂರು ಜನ ಕಾಯುತ್ತಿರುವಾಗ ಆ ಹತ್ತು ನಿಮಿಷ ಎಲ್ಲರಿಗೂ ಸಿಗುವುದಿಲ್ಲ ಅನ್ನುವುದೂ ನಿಜ.

ಮತ್ತೆ ಎರಡನ್ನೂ ಒಟ್ಟಿಗೇ ಯಾಕೆ ಮಾಡುತ್ತಾರೆ? ಒಂದೊಂದಾಗಿ ಮಾಡಿದರೆ ಆಗಲ್ವಾ?

ಆಗುತ್ತದೆ, ಕೆಲವರಿಗೆ ಹಾಗೇ ಮಾಡುತ್ತಾರೆ. ಬರೀ ಪೊರೆ ತೆಗೆದರೂ ಒತ್ತಡ ಸ್ವಲ್ಪ ಇಳಿಯುತ್ತದೆ, ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅಂತಾರೆ. ಕಣ್ಣಿನ ಮೂಲೆ ಕಿರಿದಾಗಿ ಮುಚ್ಚಿಕೊಳ್ಳುವ ಜಾತಿಯ ಗ್ಲಾಕೋಮಾದಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಉಬ್ಬಿದ ಲೆನ್ಸೇ ಅಡ್ಡ ಕೂತಿರುತ್ತದೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈಗಲ್ ಅನ್ನುವ ಅಧ್ಯಯನದಲ್ಲಿ 50 ದಾಟಿದ, ಪೊರೆಯೇ ಇಲ್ಲದ 419 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಲೇಸರ್ ಮಾಡಿದರು, ಇನ್ನೊಂದಕ್ಕೆ ಲೆನ್ಸನ್ನೇ ತೆಗೆದು ಹೊಸದು ಹಾಕಿದರು. ಲೆನ್ಸ್ ತೆಗೆಸಿದವರೇ ಮುಂದಿದ್ದರು, ಡ್ರಾಪ್ಸ್ ಹಾಕುವುದೂ ಅವರಿಗೆ ಕಡಿಮೆಯಾಗಿತ್ತು. ಅಂಥವರಿಗೆ ಎಷ್ಟೋ ಸಲ ಪೊರೆ ಆಪರೇಷನ್ ಒಂದೇ ಸಾಕು.

ಆದರೆ ಮೂರು ನಾಲ್ಕು ತರಹದ ಡ್ರಾಪ್ಸ್ ಹಾಕಿಯೂ ಒತ್ತಡ ಇಳಿಯದವರಿಗೆ 2-3 ಮಿ.ಮೀ. ಏನೂ ಅಲ್ಲ. ಮೇಲಾಗಿ ಗ್ಲಾಕೋಮಾ ಇರುವ ಕಣ್ಣಿನಲ್ಲಿ ಬರೀ ಪೊರೆ ತೆಗೆದರೆ ಮೊದಲ ಒಂದು ದಿನ ಒತ್ತಡ ದಿಢೀರ್ ಏರುವ ಭಯ ಇದೆ, ಮೊದಲೇ ಸೋತ ನರ ಅದನ್ನು ತಡೆದುಕೊಳ್ಳುವುದಿಲ್ಲ. ಹೋಗಲಿ, ಗ್ಲಾಕೋಮಾ ಆಪರೇಷನ್ ಮೊದಲು ಮಾಡಿ ಪೊರೆ ಆಮೇಲೆ ನೋಡೋಣ ಅಂದರೆ, ಆ ಆಪರೇಷನ್ನೇ ಪೊರೆಯನ್ನು ಬೇಗ ಬೆಳೆಸುತ್ತದೆ. ಆಮೇಲೆ ಪೊರೆ ತೆಗೆಯಲು ಮತ್ತೆ ಕಣ್ಣಿಗೆ ಕೈ ಹಾಕಿದರೆ ನೀರು ಹೊರಹೋಗಲು ಮೊದಲು ಮಾಡಿದ ದಾರಿ ಮುಚ್ಚಿಕೊಳ್ಳುವ ಸಾಧ್ಯತೆ ಇದೆ. ಇಷ್ಟರ ಮೇಲೆ ಎರಡು ಸಲ ಅಡ್ಮಿಟ್, ಎರಡು ಸಲ ಮನೆಯವರು ಕೆಲಸ ಬಿಡಬೇಕು. ಹೀಗೆ ಎಲ್ಲಾ ಲೆಕ್ಕ ಹಾಕಿ ಒಟ್ಟಿಗೆ ಮಾಡುತ್ತಾರೆ.

ಇದರಲ್ಲಿ ಒಂದು ಕೊಡು-ಕೊಳ್ಳುವ ವ್ಯವಹಾರ ಇದೆ, ಅದನ್ನು ಮುಚ್ಚಿಡಬಾರದು. ಗ್ಲಾಕೋಮಾ ಆಪರೇಷನ್ ಒಂದನ್ನೇ ಮಾಡಿದಾಗ ಇಳಿಯುವಷ್ಟು ಒತ್ತಡ ಎರಡನ್ನೂ ಸೇರಿಸಿ ಮಾಡಿದಾಗ ಸಾಮಾನ್ಯವಾಗಿ ಇಳಿಯುವುದಿಲ್ಲ, ಸ್ವಲ್ಪ ಕಡಿಮೆಯೇ. ಕಣ್ಣಿಗೆ ಜಾಸ್ತಿ ಕೆಲಸ ಆದಷ್ಟೂ ಗಾಯ ಜಾಸ್ತಿ, ಗಾಯ ಮಾಯುವಾಗ ಹೊಸ ದಾರಿಯೂ ಮಾಯ್ದುಬಿಡಬಹುದು. ಹಾಗಾಗಿ ನರ ಬಹಳ ಹಾಳಾಗಿ ಒತ್ತಡ ತೀರಾ ಕೆಳಗೆ ಇಳಿಸಲೇಬೇಕು ಅನ್ನುವವರಿಗೆ ಕೆಲವು ಡಾಕ್ಟರುಗಳು ಬೇರೆ ಬೇರೆಯಾಗಿಯೇ ಮಾಡುತ್ತಾರೆ.

ಆ ಹೊಸ ದಾರಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಟ್ರಾಬೆಕ್ಯುಲೆಕ್ಟಮಿ ಅಂತ ಅದರ ಹೆಸರು, ಇಂಗ್ಲೆಂಡಿನ ಕೇರ್ನ್ಸ್ ಅನ್ನುವ ಡಾಕ್ಟರ್ 1968ರಲ್ಲಿ ಬರೆದ ವಿಧಾನ, ಇವತ್ತಿಗೂ ಅದೇ ನಡೆಯುತ್ತಿದೆ. ಕೆರೆಗೆ ಹೊಸ ತೂಬು ಇಟ್ಟ ಹಾಗೆ ಬಿಳಿಗುಡ್ಡೆಯಲ್ಲಿ ಒಂದು ಸಣ್ಣ ಬಾಗಿಲು ಮಾಡುತ್ತಾರೆ, ಒಳಗಿನ ನೀರು ಅಲ್ಲಿಂದ ಹೊರಬಂದು ಮೇಲಿನ ತೆಳು ಪದರದ ಅಡಿಯಲ್ಲಿ ನಿಂತು ಇಂಗುತ್ತದೆ. ಬಾಗಿಲು ಮಾಯ್ದು ಮುಚ್ಚಿಕೊಳ್ಳಬಾರದು ಅಂತ ಮೈಟೋಮೈಸಿನ್ ಅನ್ನುವ ಔಷಧಿ ಬಳಸುತ್ತಾರೆ. ಮೂಲತಃ ಅದು ಕ್ಯಾನ್ಸರ್ ಔಷಧಿ. ಕೇಸ್ ಪೇಪರಿನಲ್ಲಿ ಆ ಹೆಸರು ನೋಡಿ ಗೂಗಲ್ ಮಾಡಿ ಹೆದರಿಕೊಂಡು ಓಡಿ ಬಂದ ಮಕ್ಕಳೂ ಇದ್ದಾರೆ, ಹೆದರಬೇಡಿ.

ಆಪರೇಷನ್ ಆದವರನ್ನು ಕೆಳಗೆ ನೋಡಿ ಅಂತ ಹೇಳಿ ಮೇಲಿನ ರೆಪ್ಪೆ ಮೆಲ್ಲಗೆ ಎತ್ತಿದರೆ ಕರಿಗುಡ್ಡೆಯ ಮೇಲಂಚಿನಲ್ಲಿ ಒಂದು ಮಾಸಲು ಬಿಳಿ ಗುಳ್ಳೆ ಕಾಣುತ್ತದೆ, ಸುತ್ತ ಕೆಂಪು ರಕ್ತನಾಳಗಳು ಹರಿದಿರುತ್ತವೆ, ಗುಳ್ಳೆಯ ಮೇಲೆ ಮಾತ್ರ ಅಷ್ಟಾಗಿ ಇರುವುದಿಲ್ಲ. ಇದಕ್ಕೆ ಬ್ಲೆಬ್ ಅಂತಾರೆ. ಇದನ್ನು ಕನ್ನಡಿಯಲ್ಲಿ ನೋಡಿಕೊಂಡು "ಕಣ್ಣಲ್ಲಿ ಬೊಕ್ಕೆ ಎದ್ದಿದೆ, ಆಪರೇಷನ್ ಕೆಟ್ಟಿದೆ" ಅಂತ ಬರುವವರು ತುಂಬಾ ಜನ. ಅದು ಕೆಟ್ಟದ್ದಲ್ಲ ಮಾರಾಯ್ರೇ, ನೀರು ಹೊರಗೆ ಬರುತ್ತಿದೆ ಅನ್ನುವುದಕ್ಕೆ ಗುರುತೇ ಅದು. ಗುಳ್ಳೆ ಚಪ್ಪಟೆಯಾಗಿ ಕೆಂಪಾದರೆ ಚಿಂತೆ.

ಜಗಳೂರು ಕಡೆಯ ಒಬ್ಬ ಅಜ್ಜ, ಮೆಕ್ಕೆಜೋಳ ಬೆಳೆಯುವವರು, ಆಪರೇಷನ್ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಮಗನನ್ನು ಕರೆದುಕೊಂಡು ಕನ್ನಡಕಕ್ಕೆ ಬಂದರು. ಮಷಿನ್‌ನಲ್ಲಿ ನೋಡಿದರೆ ಸಿಲಿಂಡರ್ ನಂಬರ್ (ಕಣ್ಣಿನ ಮುಂಭಾಗ ಸಮನಾಗಿ ಗುಂಡಗಿಲ್ಲದಾಗ ಬರುವುದು) ಸಿಕ್ಕಾಪಟ್ಟೆ.

"ಅಜ್ಜಾರೆ, ಈಗ ಕನ್ನಡಕ ಮಾಡಿಸಬೇಡ್ರಿ. ಇನ್ನೆರಡು ತಿಂಗಳು ತಡೀರಿ."

"ಅಯ್ಯ ತಮ್ಮಾ, ದುಡ್ಡು ಕೊಡ್ತೀನಿ ಅಂದ್ರೂ ಬ್ಯಾಡ ಅಂತೀಯಲ್ಲ, ಎಂಥ ಅಂಗಡಿ ನಿಂದು!"

ಬರೀ ಪೊರೆ ಆಪರೇಷನ್ ಆದವರಿಗೆ ತಿಂಗಳೊಳಗೆ ನಂಬರ್ ನಿಲ್ಲುತ್ತದೆ. ಇವರದ್ದು ಹಾಗಲ್ಲ. ಆ ಬಾಗಿಲಿನ ಹೊಲಿಗೆಗಳು ಕಣ್ಣಿನ ಮುಂಭಾಗವನ್ನು ಎಳೆದು ಹಿಡಿದಿರುತ್ತವೆ, ಡಾಕ್ಟರು ವಾರಕ್ಕೊಂದು ಹೊಲಿಗೆ ಲೇಸರ್‌ನಿಂದ ಸಡಿಲ ಮಾಡುತ್ತಾ ಹೋಗುತ್ತಾರೆ, ಒಂದೊಂದು ಹೊಲಿಗೆ ಬಿಟ್ಟಾಗಲೂ ಒತ್ತಡವೂ ಬದಲಾಗುತ್ತದೆ, ನಂಬರೂ ಬದಲಾಗುತ್ತದೆ. ಆಗ ಮಾಡಿಸಿದ ಕನ್ನಡಕ ಮುಂದಿನ ತಿಂಗಳಿಗೆ ಬರುವುದಿಲ್ಲ. ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳುವವರೂ ಪೇಟೆಯಲ್ಲಿ ಇದ್ದಾರೆ, ಹೇಳದೇ ಇರಲಾರೆ.

ಈ ಅಜ್ಜನ ಎದುರೇ ಇನ್ನೊಂದು ಮಾತು ಬಂತು. ಆಸ್ಪತ್ರೆಯಲ್ಲಿ ಮತ್ತೆ ಒಂದು ಗ್ಲಾಕೋಮಾ ಡ್ರಾಪ್ಸ್ ಬರೆದುಕೊಟ್ಟಿದ್ದರು. ಮಗನಿಗೆ ಸಿಟ್ಟು. "ಡ್ರಾಪ್ಸ್ ಬಿಡಿಸ್ತೀವಿ ಅಂತ ತಾನೇ ಸರ್ ಆಪರೇಷನ್ ಮಾಡಿದ್ದು? ಮತ್ತೆ ಶುರು ಮಾಡಿದ್ರಲ್ಲ!" ಮುಂಚೆ ಏನೇನು ಹಾಕುತ್ತಿದ್ದರು ಅಂತ ಕೇಳಿದೆ. ಮೂರು ಬಾಟಲಿ, ಜೊತೆಗೆ ಒತ್ತಡ ಇಳಿಸಲು ನುಂಗುವ, ಕೈಬೆರಳು ಜುಮ್ ಅನ್ನಿಸುವ ಆ ಬಿಳಿ ಮಾತ್ರೆ. ಅಷ್ಟಿದ್ದೂ ಒತ್ತಡ 28. ಈಗ ಒಂದೇ ಬಾಟಲಿಯಲ್ಲಿ 14. ಇದಕ್ಕೆ ಫೇಲ್ ಅಂತಾರಾ? ಡಾಕ್ಟರುಗಳ ಲೆಕ್ಕದಲ್ಲೂ ಎರಡು ತರಹದ ಗೆಲುವು ಇದೆ: ಡ್ರಾಪ್ಸೇ ಇಲ್ಲದೆ ಒತ್ತಡ ಹಿಡಿತದಲ್ಲಿದ್ದರೆ ಪೂರ್ತಿ ಗೆಲುವು, ಡ್ರಾಪ್ಸ್ ಸಹಾಯದಿಂದ ಹಿಡಿತದಲ್ಲಿದ್ದರೆ ಅದೂ ಗೆಲುವೇ. ವರ್ಷಗಳು ಕಳೆದಂತೆ ಮೊದಲನೇ ಗುಂಪಿನವರು ಕೆಲವರು ಎರಡನೇ ಗುಂಪಿಗೆ ಬರುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಜಗಳ ಕಡಿಮೆ.

28ರಿಂದ 14ಕ್ಕೆ ಇಳಿದರೆ ಆಗುವ ಲಾಭ ಕಣ್ಣಿಗೆ ಕಾಣುವುದಿಲ್ಲ, ಅದೇ ಕಷ್ಟ. ಸ್ವೀಡನ್‌ನಲ್ಲಿ ಗ್ಲಾಕೋಮಾ ಶುರುವಾದವರನ್ನು ವರ್ಷಗಟ್ಟಲೆ ನೋಡಿದ ಒಂದು ಹೆಸರಾಂತ ಅಧ್ಯಯನದಲ್ಲಿ, ಒತ್ತಡ 1 ಮಿ.ಮೀ. ಇಳಿದರೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ಇಳಿಯುತ್ತದೆ ಅಂತ ಕಂಡುಬಂತು. ಹಾಗಾಗಿ ಫಾಲೋಅಪ್‌ಗೆ ಹೋದಾಗ "ಎಷ್ಟು ಕಾಣ್ತದೆ" ಅನ್ನುವುದರ ಜೊತೆಗೆ ಈ ಮೂರನ್ನೂ ಕೇಳಿ: ಈಗ ಪ್ರೆಶರ್ ಎಷ್ಟಿದೆ, ನನ್ನ ಕಣ್ಣಿಗೆ ಎಷ್ಟಿರಬೇಕು, ಫೀಲ್ಡ್ ಟೆಸ್ಟ್ (ಬದಿಯ ನೋಟ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಹೋದ ಸಲಕ್ಕಿಂತ ಕೆಟ್ಟಿದೆಯಾ. ಎರಡನೆಯದು ಒಬ್ಬೊಬ್ಬರಿಗೆ ಒಂದೊಂದು. ನರ ಎಷ್ಟು ಹಾಳಾಗಿದೆಯೋ ಅಷ್ಟು ಕೆಳಗೆ ಇರಬೇಕು. ಪೊರೆ ಹೋದಮೇಲೆ ಫೀಲ್ಡ್ ಟೆಸ್ಟ್ ಒಮ್ಮೆ ಹೊಸದಾಗಿ ಮಾಡಿಸಬೇಕು, ಹಳೆಯದರಲ್ಲಿ ಪೊರೆಯ ಮಬ್ಬೂ ಸೇರಿಕೊಂಡಿರುತ್ತದೆ. ಹಾಗಂತ ಹಳೇ ಪೇಪರ್ ಎಸೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡ್ ಜೊತೆ ಇಟ್ಟುಕೊಳ್ಳಿ.

ಈಗ ಲೆನ್ಸಿನ ವಿಚಾರ. ಆಪರೇಷನ್‌ಗೆ ಮೊದಲು ಕೌನ್ಸೆಲರ್ ಒಬ್ಬರು ಪ್ಯಾಕೇಜ್ ಪಟ್ಟಿ ಹಿಡಿದು ಕೂರುತ್ತಾರೆ. ದೂರ, ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್ ಹಾಕಿಸಿ, ಕನ್ನಡಕವೇ ಬೇಡ ಅಂತ. (ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕುತ್ತಾರೆ ಅಂತ ಹೇಳುತ್ತಿಲ್ಲ.) ಆ ಲೆನ್ಸ್ ಒಳಗೆ ಬರುವ ಬೆಳಕನ್ನು ಹಂಚಿಬಿಡುತ್ತದೆ, ಅದರಿಂದ ಮಂದ ಬೆಳಕಿನಲ್ಲಿ ಬಣ್ಣ-ನೆರಳುಗಳ ವ್ಯತ್ಯಾಸ ಕಡಿಮೆ ಕಾಣುತ್ತದೆ. ಗ್ಲಾಕೋಮಾ ಮಾಡುವ ಹಾನಿಯೂ ಅದೇ. ಎರಡೂ ಸೇರಿದರೆ ಸಂಜೆ ಹೊತ್ತು ಮೆಟ್ಟಿಲು ಇಳಿಯುವುದೇ ಕಷ್ಟ. ನರ ಹಾಳಾಗಿರುವವರಿಗೆ ಸಾಮಾನ್ಯವಾಗಿ ಒಂದೇ ದೂರಕ್ಕೆ ಹೊಂದುವ ಸಾದಾ ಮೋನೋಫೋಕಲ್ ಲೆನ್ಸೇ ಒಳ್ಳೆಯದು. ಓದಲು ಕನ್ನಡಕ ಹಾಕಿಕೊಂಡರೆ ಏನು ಹೋಯಿತು?

ಸ್ಟೆಂಟ್ ಬಗ್ಗೆಯೂ ಕೇಳುತ್ತಾರೆ, ಬೆಂಗಳೂರಿನಲ್ಲಿರುವ ಮಕ್ಕಳು ಯೂಟ್ಯೂಬ್ ನೋಡಿ ಹೇಳಿರುತ್ತಾರೆ. ಐಸ್ಟೆಂಟ್ ಅನ್ನುವುದು ಸುಮಾರು 1 ಮಿ.ಮೀ. ಉದ್ದದ ಟೈಟೇನಿಯಂ ಕೊಳವೆ, ಪೊರೆ ಆಪರೇಷನ್ ಜೊತೆಗೇ ಇಡುವುದಕ್ಕೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಗಾಯ ಕಡಿಮೆ, ಬ್ಲೆಬ್ ಇಲ್ಲ, ಬೇಗ ಚೇತರಿಕೆ. ಆದರೆ ಒತ್ತಡ ಇಳಿಸುವ ಶಕ್ತಿಯೂ ಕಡಿಮೆ, ಕಾಯಿಲೆ ಇನ್ನೂ ಶುರುವಿನಲ್ಲಿದ್ದವರಿಗೆ ಸರಿ. ಹೊಸದೆಲ್ಲಾ ಒಳ್ಳೆಯದು ಅಂತಲೂ ಅಲ್ಲ, ಸೈಪಾಸ್ ಅನ್ನುವ ಇನ್ನೊಂದು ಸ್ಟೆಂಟನ್ನು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಜೀವಕೋಶಗಳು ಕಡಿಮೆಯಾಗುತ್ತವೆ ಅಂತ ಗೊತ್ತಾದಮೇಲೆ 2018ರಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ನಮ್ಮ ಕಡೆ ಜನ ಡಾಕ್ಟರ ಹತ್ತಿರ ಬರುವುದೇ ತಡವಾಗಿ, ಅಷ್ಟು ಹೊತ್ತಿಗೆ ಸ್ಟೆಂಟಿನ ಹಂತ ದಾಟಿರುತ್ತದೆ.

ಒಟ್ಟು ಫಲಿತಾಂಶ ಆಪರೇಷನ್ ಥಿಯೇಟರಿನಲ್ಲಿ ಅರ್ಧ ನಿರ್ಧಾರ ಆದರೆ ಉಳಿದರ್ಧ ಆಮೇಲಿನ ಎರಡು ತಿಂಗಳಲ್ಲಿ. ಹೊಲಿಗೆ ಯಾವಾಗ ಸಡಿಲ ಮಾಡಬೇಕು, ಬ್ಲೆಬ್ ಮಾಯ್ದು ಮುಚ್ಚುತ್ತಿದೆಯಾ, ಒತ್ತಡ ತೀರಾ ಕೆಳಗೆ ಹೋಗಿದೆಯಾ, ಎಲ್ಲಾ ಈಗಲೇ ನೋಡಬೇಕು. ಒತ್ತಡ ತೀರಾ ಇಳಿದರೂ ಅಪಾಯ, ಕಣ್ಣು ಮೆತ್ತಗಾಗಿ ನೋಟ ಮಂಜಾಗುತ್ತದೆ. ಈ ಟೈಮಿನಲ್ಲೇ "ಕೊಯ್ಲು ಇತ್ತು", "ಮಗಳ ಸೀಮಂತ ಇತ್ತು" ಅಂತ ಫಾಲೋಅಪ್ ತಪ್ಪಿಸುತ್ತಾರೆ. ಪೊರೆಗೆ ಒಂದು ವಾರ ತಪ್ಪಿದರೆ ನಡೆದೀತು, ಇದಕ್ಕೆ ನಡೆಯುವುದಿಲ್ಲ.

ಇನ್ನೊಂದು ಆ ಬಿಳಿ ಡ್ರಾಪ್ಸ್, ಅಲ್ಲಾಡಿಸಿ ಹಾಕುವುದು. ಅದು ಸ್ಟೀರಾಯ್ಡ್. ಬ್ಲೆಬ್ ಮಾಯ್ದು ಮುಚ್ಚದಂತೆ ನೋಡಿಕೊಳ್ಳುವುದೇ ಅದು, ಶುರುವಿನಲ್ಲಿ ಒಂದೆರಡು ಗಂಟೆಗೊಮ್ಮೆ ಹಾಕಿಸಿ ವಾರವಾರ ಕಡಿಮೆ ಮಾಡುತ್ತಾರೆ. ಕಣ್ಣು ತಣ್ಣಗಾಯಿತು ಅಂತ ನೀವೇ ನಿಲ್ಲಿಸಬೇಡಿ. ಚೆನ್ನಾಗಿದೆ ಅಂತ ಮೆಡಿಕಲ್ ಶಾಪಿನಲ್ಲಿ ಹಳೇ ಬಾಟಲಿ ತೋರಿಸಿ ತಿಂಗಳುಗಟ್ಟಲೆ ತಂದು ಹಾಕಲೂ ಬೇಡಿ, ಅದೇ ಸ್ಟೀರಾಯ್ಡ್ ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತದೆ. ಆಪರೇಷನ್ ಆಗದ ಇನ್ನೊಂದು ಕಣ್ಣಿನ ಗ್ಲಾಕೋಮಾ ಡ್ರಾಪ್ಸ್ ಮಾತ್ರ ನಡೆಯುತ್ತಲೇ ಇರಬೇಕು. ಇದನ್ನು ಮರೆಯುವವರೇ ಜಾಸ್ತಿ.

ಎಲ್ಲಕ್ಕಿಂತ ನನಗೆ ಭಯ ಆಗುವುದು ಸೋಂಕಿನದು. ಬ್ಲೆಬ್ ಇರುವ ಕಣ್ಣಿಗೆ ಹತ್ತು ವರ್ಷದ ನಂತರವೂ ಸೋಂಕು ಹತ್ತಬಹುದು, ತೆಳು ಪದರ ಒಂದೇ ಅಡ್ಡ ಇರುವುದು. ಕಣ್ಣು ಕೆಂಪಾಗಿ, ನೋವು, ಪಿಸುರು, ನೋಟ ಮಂಜು ಬಂದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ನಾಳೆ ಅನ್ನಬಾರದು. ನಮ್ಮಲ್ಲಿ ಕೆಂಪು ಕಂಡರೆ ಮದ್ರಾಸ್ ಐ ಅಂತ ಸುಮ್ಮನೆ ಕೂರುತ್ತಾರೆ, ಇಲ್ಲ ನಂದಿಬಟ್ಟಲು ಹೂವು, ಹರಳೆಣ್ಣೆ, ಬಾಣಂತಿ ಹಾಲು. ಬ್ಲೆಬ್ ಇರುವ ಕಣ್ಣಿಗೆ ಇವು ಯಾವುದೂ ತಾಗಬಾರದು. ಕಣ್ಣು ಉಜ್ಜಲೂಬಾರದು. ಒಕ್ಕಣೆ ಸಮಯದಲ್ಲಿ ಧೂಳಿಗೆ ಹೋಗುವುದಾದರೆ ಸುತ್ತ ಮುಚ್ಚುವ ಗಾಗಲ್ಸ್ ಹಾಕಿಕೊಳ್ಳಿ.

ಕಾಯಿಲೆ ತೀರಾ ಕೊನೆಯ ಹಂತದಲ್ಲಿದ್ದು ಎದುರಿನ ಸಣ್ಣ ಕಿಂಡಿಯಷ್ಟು ನೋಟ ಮಾತ್ರ ಉಳಿದವರಲ್ಲಿ, ಆಪರೇಷನ್ ಆದಮೇಲೆ ಅದೂ ಹೋಗುವುದು ಅಪರೂಪಕ್ಕೆ ಉಂಟು. ಬೇಕಂತ ಹೆದರಿಸುತ್ತಿಲ್ಲ. ಸಹಿ ಹಾಕುವ ಫಾರಂನಲ್ಲಿ ಇದು ಇರುತ್ತದೆ, ಓದದೆ ಹೆಬ್ಬೆಟ್ಟು ಒತ್ತುತ್ತಾರೆ. ಆಪರೇಷನ್ ಮಾಡಿಸದೇ ಇದ್ದರೆ ಹೇಗೂ ಅದು ಹೋಗುವುದೇ ಅನ್ನುವುದನ್ನೂ ಪಕ್ಕದಲ್ಲಿಟ್ಟು ಡಾಕ್ಟರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡಬೇಕು.

ಜಗಳೂರಿನ ಅಜ್ಜ ಹೇಳಿದ ಸಮಯಕ್ಕೆ ಬಂದರು, ಕನ್ನಡಕ ಮಾಡಿಸಿದರು, ಪೇಪರ್ ಓದುತ್ತಾರೆ, ಎಡಬದಿಯಿಂದ ಬರುವ ಬೈಕ್ ಮಾತ್ರ ಇನ್ನೂ ಕಾಣುವುದಿಲ್ಲ, ಮುಂದೆಯೂ ಕಾಣುವುದಿಲ್ಲ. ಅದಕ್ಕೆ ಪಿ.ಬಿ. ರಸ್ತೆ ದಾಟುವಾಗ ಮಗನ ಕೈ ಹಿಡಿಯುತ್ತಾರೆ. ಗ್ಲಾಕೋಮಾ ಇದ್ದವರ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಜಾಸ್ತಿ ಅಂತ ಹೇಳಿ, "ತಮ್ಮಂದಿರನ್ನ ಕರ್ಕೊಂಡು ಬರ್ರಿ, ನೀವೂ ತೋರಿಸ್ರಿ" ಅಂತ ಮಗನಿಗೂ ಹೇಳಿದೆ. ವಯಸ್ಸು 45. "ನನಗೆ ಚೆನ್ನಾಗೇ ಕಾಣ್ತದಲ್ಲ ಸರ್" ಅಂದರು. ನಿಮ್ಮಪ್ಪನೂ ಹತ್ತು ವರ್ಷದ ಹಿಂದೆ ಇದನ್ನೇ ಅಂದಿರಬೇಕು ಅಂದೆ. ಪ್ರೆಶರ್ ನೋಡಲು ಎರಡು ನಿಮಿಷ ಸಾಕು, ನೋವೂ ಇಲ್ಲ, ಆದರೆ ಪ್ರೆಶರ್ ಒಂದೇ ನೋಡಿ ಬಿಡಬೇಡಿ, ಹಿಂದಿನ ನರವನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿ ಜೇಬಿಗೆ ಹಾಕಿಕೊಂಡರು. ಹೋದರೋ ಇಲ್ಲವೋ, ಮುಂದಿನ ಸಲ ಅಜ್ಜ ಬಂದಾಗ ಕೇಳಬೇಕು.